ಬರ್ಫ ನೋಡಲು ವಾಡಿಯಿಂದ ಹೊರಡುವ ಮುನ್ನ

ಉತ್ತರದ ಒಣಗಾಳಿ ಬೀಸತೊಡಗಿ, ಸಂಜೆ ಆರಕ್ಕೇ ಕಿವಿಗೆ ಮಫ್ಲರ್ ಬಂತೆಂದರೆ ಚಿತ್ತಾಪುರ, ಸೇಡಂ, ಶಹಾಬಾದ್ ಕಡೆಯ ಮನೆಗಳಲ್ಲಿ ಒಂದು ಮಾತು ಏಳುತ್ತದೆ: ‘ಈ ಸಲನಾದ್ರೂ ಬರ್ಫ ಬೀಳೋದು ನೋಡಿ ಬರೋಣ್ರಿ.’ ಮೇ ತಿಂಗಳಲ್ಲಿ 43–44 ಡಿಗ್ರಿ ಬಿಸಿಲು ಉಣ್ಣುವ ನೆಲದವರಿಗೆ ಈ ಆಸೆ ಸಹಜ. ಹಣ ಕೂಡಿಸಿ, ರಜೆ ಹೊಂದಿಸಿ, ಮಕ್ಕಳು ಮರಿ ಕಟ್ಟಿಕೊಂಡು ಎರಡು ಸಾವಿರ ಕಿಲೋಮೀಟರ್ ಹೋದ ಮೇಲೆ ಎದುರಿಗೆ ಬೋಳು ಗುಡ್ಡ ಕಂಡರೆ ಆಗುವ ಸಂಕಟವೂ ಸಣ್ಣದಲ್ಲ.

ಹಾಗಾಗುವುದು ಅಪರೂಪವೂ ಅಲ್ಲ. 2024ರ ಜನವರಿ ಮಧ್ಯದಲ್ಲಿ ಹಿಮಕ್ಕೆ ಹೆಸರಾದ ಗುಲ್ಮಾರ್ಗ್‌ನಲ್ಲಿ ಹುಲ್ಲು ಒಣಗಿ ನಿಂತಿತ್ತು. ಹಿಮ ಬಿದ್ದದ್ದು ತಿಂಗಳ ಕೊನೆಗೆ. ಮರುವರ್ಷ ಫೆಬ್ರುವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮ ಸಾಲದೆ ಮುಂದೂಡಿ, ಮಾರ್ಚ್‌ನಲ್ಲಿ ನಡೆಸಿದರು. ಸರ್ಕಾರವೇ ದಿನ ಗೊತ್ತುಮಾಡಿದ ಕೂಟದ ಗತಿ ಹೀಗಾದರೆ ನಮ್ಮ ನಾಲ್ಕು ದಿನದ ರಜೆಯ ಪಾಡೇನು?

ತೊಡಕು ಇರುವುದು ಇಲ್ಲಿ. ರೈಲಿನ ಟಿಕೆಟ್ 60 ದಿನ ಮೊದಲೇ ಕಾಯ್ದಿರಿಸಬೇಕು. ಹಿಮ ಬೀಳುತ್ತದೋ ಇಲ್ಲವೋ ಎಂಬುದು ನಂಬುವಂತೆ ತಿಳಿಯುವುದು ಐದಾರು ದಿನ ಮೊದಲು ಮಾತ್ರ. ನಡುವಿನ ಐವತ್ತು ಚಿಲ್ಲರೆ ದಿನ ಕಣ್ಣು ಕಟ್ಟಿದಂತೆಯೇ. ಆ ಅನಿಶ್ಚಿತತೆಯನ್ನು ಪೂರ್ತಿ ಅಳಿಸಲು ಯಾರಿಂದಲೂ ಆಗದು. ತಿಂಗಳು, ಎತ್ತರ, ತಂಗುವ ಊರು ಈ ಮೂರನ್ನು ಸರಿಯಾಗಿ ಆರಿಸಿಕೊಂಡರೆ ನಿರಾಸೆಯ ಸಾಧ್ಯತೆಯನ್ನಂತೂ ಬಹಳ ಕಡಿಮೆ ಮಾಡಬಹುದು.

ಇಲ್ಲಿಯ ಥಂಡಿ ನೋಡಿ ಅಲ್ಲಿಯ ಲೆಕ್ಕ ಹಾಕಬೇಡಿ

‘ನಮ್ಮಲ್ಲೇ ಇಷ್ಟು ಥಂಡಿ ಅದ, ಶಿಮ್ಲಾದಾಗ ಬರ್ಫ ಬಿದ್ದೇ ಬಿದ್ದಿರ್ತದ’ ಎಂದುಕೊಂಡು ಹೊರಡುವವರು ಬಹಳ. ಈ ಲೆಕ್ಕ ಹೆಚ್ಚಾಗಿ ತಪ್ಪುತ್ತದೆ. ನಮ್ಮ ಕಡೆ ಥಂಡಿ ಏರುವುದು ಆಕಾಶ ನಿರ್ಮಲವಾಗಿ, ಗಾಳಿ ಒಣಗಿದ್ದಾಗ. ಹಗಲು ಕಾದ ನೆಲ ರಾತ್ರಿ ತನ್ನ ಕಾವನ್ನೆಲ್ಲ ಮೇಲಕ್ಕೆ ಬಿಟ್ಟುಕೊಡುತ್ತದೆ. ಮೋಡವಿದ್ದರೆ ಅದು ಕೌದಿ ಹೊದಿಸಿದಂತೆ ಆ ಕಾವನ್ನು ತಡೆಯುತ್ತದೆ. ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಇತ್ತ ಮೋಡ ಕವಿದಾಗ ಥಂಡಿ ಒಮ್ಮೆಲೇ ಮಾಯವಾಗುವುದು ಇದೇ ಕಾರಣಕ್ಕೆ. ಕಲಬುರಗಿ, ಬೀದರ್, ವಿಜಯಪುರಗಳಲ್ಲಿ ಕನಿಷ್ಠ ತಾಪಮಾನ ಒಂದಂಕಿಗೆ ಇಳಿಯುವುದುಂಟು. ಬಯಲು ಸೀಮೆಯಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಾಗಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಕುಸಿದರೆ ಹವಾಮಾನ ಇಲಾಖೆ ಅದನ್ನು ಶೀತಗಾಳಿ ಎಂದು ಘೋಷಿಸುತ್ತದೆ.

ಹಿಮ ಬೀಳಲು ಥಂಡಿಯೊಂದೇ ಸಾಲದು, ತೇವವೂ ಬೇಕು. ಹಿಮಾಲಯಕ್ಕೆ ಚಳಿಗಾಲದಲ್ಲಿ ಆ ತೇವ ತರುವುದು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಇರಾನ್, ಅಫ್ಘಾನಿಸ್ತಾನಗಳನ್ನು ದಾಟಿ ಬರುವ ಮಾರುತಗಳು. ಹವಾಮಾನ ಇಲಾಖೆಯವರು ಇವನ್ನು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎನ್ನುತ್ತಾರೆ. ಒಂದು ಚಳಿಗಾಲದಲ್ಲಿ ಇಂಥವು ಹಲವು ಬಂದು ಹೋಗುತ್ತವೆ. ಬಲವಾದದ್ದು ಬಂದರೆ ಎರಡು ಮೂರು ದಿನ ಹಿಮ. ಬಡಕಲಾದದ್ದು ಬಂದರೆ ಬರೀ ಮೋಡ. ಅದು ಪೂರ್ವಕ್ಕೆ ಸರಿದ ಮೇಲೆ ಉತ್ತರದ ಒಣ ಥಂಡಿಗಾಳಿ ಕೆಳಗಿಳಿದು ನಮ್ಮವರೆಗೂ ಬರುತ್ತದೆ. ಅಂದರೆ ವಾಡಿಯಲ್ಲಿ ಹಲ್ಲು ಕಟಕಟ ಎನ್ನುವ ಹೊತ್ತಿಗೆ ಅಲ್ಲಿ ಹಿಮ ಬಿದ್ದು ಮುಗಿದು ಬಿಸಿಲು ಬಿದ್ದಿರುವ ಸಂದರ್ಭವೇ ಹೆಚ್ಚು.

ಮೊದಲ ಹೆಜ್ಜೆ: ತಿಂಗಳು

ಕಾಶ್ಮೀರದವರು ಡಿಸೆಂಬರ್ 21ರಿಂದ ನಲವತ್ತು ದಿನದ ಅವಧಿಯನ್ನು ‘ಚಿಲ್ಲೈ ಕಲಾನ್’ ಎಂದು ಕರೆಯುತ್ತಾರೆ. ಥಂಡಿ ಅತಿ ಕಟುವಾಗಿರುವುದು ಆಗಲೇ. ಹೊರಗಿನಿಂದ ಹೋಗುವವರು ಮಾತ್ರ ಈ ಅವಧಿಯ ಮೊದಲರ್ಧ ಬಿಡುವುದೇ ಲೇಸು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಹೋಟೆಲ್ ದರ ಏರಿರುತ್ತದೆ, ಎಲ್ಲೆಲ್ಲೂ ನೂಕುನುಗ್ಗಲು, ಕೆಳಗಿನ ಗಿರಿಧಾಮಗಳಲ್ಲಿ ಹಿಮ ಖಾತ್ರಿಯಿಲ್ಲ. ಮೇಲಾಗಿ ಉತ್ತರದ ಬಯಲಿನಲ್ಲಿ ಮಂಜು ಮುಸುಕಿ ರೈಲುಗಳು ಗಂಟೆಗಟ್ಟಲೆ ತಡವಾಗುವುದೂ ಆಗಲೇ.

ನನ್ನ ಸಲಹೆ ಫೆಬ್ರುವರಿಯ ಮೊದಲ ಮೂರು ವಾರ. ಅಷ್ಟರಲ್ಲಿ ಒಂದೆರಡು ಸುತ್ತು ಹಿಮ ಬಿದ್ದು ಎತ್ತರದಲ್ಲಿ ನೆಲ ಹಿಡಿದಿರುವ ಸಾಧ್ಯತೆ ಹೆಚ್ಚು. ಹಾಗಾಗಿ ನೀವಿರುವ ದಿನಗಳಲ್ಲಿ ಹೊಸ ಹಿಮ ಬೀಳದಿದ್ದರೂ ಕಾಲಡಿಗೆ ಸಿಗುತ್ತದೆ. ನಮ್ಮ ಕಡೆಯ ಒಕ್ಕಲುತನಕ್ಕೂ ಇದೇ ಹೊಂದುತ್ತದೆ: ಎಳ್ಳಮವಾಸ್ಯೆಯ ಚರಗ ಚೆಲ್ಲಿ, ಸಂಕ್ರಾಂತಿ ಕಳೆದು, ತೊಗರಿ ರಾಶಿ ಮುಗಿದು ಕೈಗೆ ನಾಲ್ಕು ಕಾಸು ಬಂದಿರುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಮನೆಯವರಿಗೆ ಮಾತ್ರ ಇದು ಪರೀಕ್ಷೆಯ ಹೊಸ್ತಿಲು. ಅಂಥವರು ಈ ವರ್ಷ ಬಿಟ್ಟು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದು ವಾಸಿ.

ಎರಡನೆಯದು: ಊರಿನ ಹೆಸರು ಬಿಡಿ, ಎತ್ತರ ಕೇಳಿ

ಇಡೀ ಯೋಜನೆಯ ಜೀವ ಇರುವುದು ಇಲ್ಲಿ. ಸಾವಿರ ಮೀಟರ್ ಮೇಲೇರಿದರೆ ತಾಪಮಾನ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಶಿಮ್ಲಾ ಸುಮಾರು 2,200 ಮೀಟರ್, ಮನಾಲಿ 2,050. ಅಟಲ್ ಸುರಂಗ ದಾಟಿದರೆ ಸಿಗುವ ಲಾಹೌಲ್ ಕಣಿವೆಯ ಸಿಸ್ಸು ಸುಮಾರು 3,100. ಮನಾಲಿಯಲ್ಲಿ 4 ಡಿಗ್ರಿ ಇದ್ದು ಮಳೆ ಹನಿಯುತ್ತಿದ್ದರೆ ಅದೇ ಮೋಡ ಸಿಸ್ಸುವಿನಲ್ಲಿ ಹಿಮವಾಗಿ ಬೀಳುತ್ತಿರುತ್ತದೆ. 2020ರ ಅಕ್ಟೋಬರ್‌ನಲ್ಲಿ ತೆರೆದ, 9 ಕಿಲೋಮೀಟರ್ ಉದ್ದದ ಆ ಸುರಂಗದಿಂದ ಮನಾಲಿಗೆ ಹೋದವರಿಗೆ ಒಂದೇ ದಿನದಲ್ಲಿ ಸಾವಿರ ಮೀಟರ್ ಏರಿ ಇಳಿಯುವ ಅವಕಾಶ ಸಿಕ್ಕಿದೆ.

ಖಾತ್ರಿ ಮುಖ್ಯ, ಖರ್ಚು ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ ಎನ್ನುವವರಿಗೆ ಗುಲ್ಮಾರ್ಗ್. ಊರು 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಗೊಂಡೋಲಾ ಎಂಬ ತೂಗುಬಂಡಿಯ ಎರಡನೇ ಹಂತ ಅಫರ್ವಾತ್ ಬೆಟ್ಟದ ಮೇಲೆ 3,900 ಮೀಟರ್ ದಾಟುತ್ತದೆ. ಕೆಳಗೆ ನೆಲ ಒಣಗಿದ್ದಾಗಲೂ ಆ ಎತ್ತರದಲ್ಲಿ ಹಿಮ ಸಿಗುವ ಆಸೆ ಇಟ್ಟುಕೊಳ್ಳಬಹುದು. ಗೊಂಡೋಲಾ ಟಿಕೆಟ್ ಮುಂಚೆಯೇ ಆನ್‌ಲೈನ್‌ನಲ್ಲಿ ಪಡೆಯಿರಿ; ಗಾಳಿ ಜೋರಾದರೆ ಎರಡನೇ ಹಂತ ನಿಲ್ಲಿಸುತ್ತಾರೆ ಎಂಬುದೂ ನೆನಪಿರಲಿ. ಶಿಮ್ಲಾ ಸುಂದರ ಊರು. 1903ರಲ್ಲಿ ಶುರುವಾದ ಕಾಲ್ಕಾ–ಶಿಮ್ಲಾ ಪುಟ್ಟ ರೈಲಿಗಾಗಿಯೇ ಹೋಗಬಹುದು. ಹಿಮವನ್ನೇ ನೆಚ್ಚಿ ಹೋಗುವುದಾದರೆ ಶಿಮ್ಲಾಕ್ಕಿಂತ ಮೇಲಿನ ನಾರ್ಕಂಡಾದಲ್ಲಿ ಉಳಿಯುವುದು ಮೇಲು.

ದಿನಕ್ಕೊಂದು ಊರು ಸುತ್ತಿಸುವ ಪ್ಯಾಕೇಜ್ ಪ್ರವಾಸ ಹಿಮದ ಆಸೆ ಇರುವವರಿಗೆ ಹೇಳಿ ಮಾಡಿಸಿದ್ದಲ್ಲ. ಒಂದೇ ಊರಲ್ಲಿ ನಾಲ್ಕು ರಾತ್ರಿ ಉಳಿಯಿರಿ. ಯಾವ ದಿನ ಮೋಡ ಒಲಿಯುತ್ತದೋ ಆ ದಿನ ಮೇಲೆ ಹತ್ತಿ.

ಮೂರನೆಯದು: ರೈಲು

ರೈಲಿನ ವಿಷಯದಲ್ಲಿ ನಮ್ಮ ತಾಲ್ಲೂಕುಗಳು ಪುಣ್ಯವಂತ. ಬೆಂಗಳೂರು–ನವದೆಹಲಿ ಕರ್ನಾಟಕ ಎಕ್ಸ್‌ಪ್ರೆಸ್ ವಾಡಿ, ಕಲಬುರಗಿ ಮೂಲಕವೇ ಹೋಗುತ್ತದೆ. ದೆಹಲಿಗೆ ಸರಿಸುಮಾರು ಒಂದು ಹಗಲು, ಒಂದು ರಾತ್ರಿ. ಚಿತ್ತಾಪುರ ಮತ್ತು ಸೇಡಂ ವಾಡಿ–ಸಿಕಂದರಾಬಾದ್ ಮಾರ್ಗದಲ್ಲಿರುವುದರಿಂದ ಅಲ್ಲಿಯವರು ಹೈದರಾಬಾದ್‌ಗೆ ಹೋಗಿ ತೆಲಂಗಾಣ ಎಕ್ಸ್‌ಪ್ರೆಸ್ ಹಿಡಿಯಬಹುದು. ಚಿಂಚೋಳಿಗೆ ರೈಲಿಲ್ಲ; ಅಲ್ಲಿಯವರಿಗೆ ಬಸ್ಸಿನಲ್ಲಿ ತಾಂಡೂರು ಅಥವಾ ಕಲಬುರಗಿಯೇ ದಾರಿ.

2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ ಅವಧಿ 120 ದಿನದಿಂದ 60ಕ್ಕೆ ಇಳಿದಿದೆ. ಫೆಬ್ರುವರಿ 8ಕ್ಕೆ ಹೊರಡುವವರು ಡಿಸೆಂಬರ್ ಎರಡನೇ ವಾರದ ಮೊದಲಿಗೇ ಎಚ್ಚರವಾಗಿರಬೇಕು. ಹೋಗುವ, ಬರುವ ಎರಡೂ ಟಿಕೆಟ್ ಮಾಡಿಸಿ. ದೆಹಲಿಯಲ್ಲಿ ಮುಂದಿನ ರೈಲು ಅಥವಾ ಬಸ್ಸಿಗೆ ಕನಿಷ್ಠ ಅರ್ಧ ದಿನದ ಅಂತರ ಬಿಡಿ. ಆಗ್ರಾ, ಮಥುರಾ ಆಸುಪಾಸಿನ ಮಂಜು ನಿಮ್ಮ ವೇಳಾಪಟ್ಟಿ ಕೇಳುವುದಿಲ್ಲ. ಮನಾಲಿಗೆ ದೆಹಲಿಯ ಕಾಶ್ಮೀರಿ ಗೇಟ್ ನಿಲ್ದಾಣದಿಂದ ರಾತ್ರಿ ಬಸ್ಸುಗಳಿವೆ. ಕಾಶ್ಮೀರಕ್ಕೆ ಹೋಗುವವರು ದೆಹಲಿಯಿಂದ ಕಟ್ರಾ ತಲುಪಿ, ಅಲ್ಲಿ ರೈಲು ಬದಲಿಸಬಹುದು. 2025ರ ಜೂನ್ 6ರಂದು ಉದ್ಘಾಟನೆಯಾದ ಕಟ್ರಾ–ಶ್ರೀನಗರ ವಂದೇ ಭಾರತ್ ರೈಲು ಚೆನಾಬ್ ನದಿಯ ಮೇಲೆ 359 ಮೀಟರ್ ಎತ್ತರದ ಸೇತುವೆ ದಾಟಿ ಹೋಗುತ್ತದೆ. ವೈಷ್ಣೋದೇವಿ ದರ್ಶನಕ್ಕೆಂದು ಕಟ್ರಾದವರೆಗೆ ಹೋಗುವವರಿಗೆ ಇದರಿಂದ ಕಾಶ್ಮೀರ ಕಣಿವೆಯೂ ಕೈಗೆಟಕಿದೆ. ಹೆದ್ದಾರಿ ಹಿಮಕ್ಕೆ ಮುಚ್ಚಿದರೂ ರೈಲು ಓಡುವ ಸಂಭವ ಹೆಚ್ಚು.

ಒಂದು ಎಚ್ಚರಿಕೆ: ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು–ಕಾಶ್ಮೀರದಲ್ಲಿ ನಡೆಯುವುದಿಲ್ಲ. ಮನೆಯಲ್ಲಿ ಒಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ. 2025ರ ಪಹಲ್ಗಾಮ್ ಉಗ್ರರ ದಾಳಿಯ ನಂತರ ಮುಚ್ಚಿದ್ದ ಪ್ರವಾಸಿ ತಾಣಗಳನ್ನು ಹಂತ ಹಂತವಾಗಿ ತೆರೆಯಲಾಗಿದೆ. ಯಾವುದು ತೆರೆದಿದೆ ಎಂದು ಹೊರಡುವ ವಾರ ಕೇಳಿಕೊಳ್ಳಿ.

ಕೊನೆಯ ವಾರ: ಮುನ್ಸೂಚನೆ ಓದುವ ಬಗೆ

ಹದಿನೈದು ದಿನ ಮೊದಲೇ ಮೊಬೈಲ್ ಆ್ಯಪ್‌ನಲ್ಲಿ ಹಿಮದ ಚಿತ್ರ ಕಂಡು ಕುಣಿಯುವುದು, ಮರುದಿನ ಅದು ಸೂರ್ಯನಾದಾಗ ಮುಖ ಸಣ್ಣ ಮಾಡುವುದು ಬೇಡ. ಅಷ್ಟು ದೂರದ ಚಿತ್ರಗಳು ದಿನಕ್ಕೊಂದು ಸಲ ಬದಲಾಗುತ್ತವೆ. ಹೊರಡಲು ಏಳು ದಿನ ಇರುವಾಗ ಹವಾಮಾನ ಇಲಾಖೆಯ ‘ಮೌಸಮ್’ ಆ್ಯಪ್ ತೆರೆಯಿರಿ, ಶಿಮ್ಲಾ ಅಥವಾ ಶ್ರೀನಗರ ಹವಾಮಾನ ಕೇಂದ್ರದ ಪ್ರಕಟಣೆ ಓದಿ. ಅದರಲ್ಲಿ ಮೂರು ಸಂಗತಿ ಹುಡುಕಿ. ಹೊಸ ವೆಸ್ಟರ್ನ್ ಡಿಸ್ಟರ್ಬೆನ್ಸ್ ಯಾವ ದಿನಾಂಕದಿಂದ ಪರಿಣಾಮ ಬೀರುತ್ತದೆ? ಹಿಮ ಎಲ್ಲೆಡೆಯೋ, ‘ಎತ್ತರದ ಪ್ರದೇಶಗಳಲ್ಲಿ’ ಮಾತ್ರವೋ? ಎಚ್ಚರಿಕೆಯ ಬಣ್ಣ ಯಾವುದು?

ಎರಡನೆಯದನ್ನು ಹಲವರು ಓದದೆ ದಾಟಿಬಿಡುತ್ತಾರೆ. ‘ಎತ್ತರದ ಪ್ರದೇಶಗಳಲ್ಲಿ ಹಿಮ’ ಎಂದಿದ್ದರೆ ಮನಾಲಿ ಪೇಟೆಯಲ್ಲಿ ಮಳೆ ಬರಬಹುದು, ಶ್ರೀನಗರದಲ್ಲಿ ಏನೂ ಇಲ್ಲದಿರಬಹುದು. ಬಣ್ಣದ ವಿಷಯದಲ್ಲಿ ಆಸೆ ವಿವೇಕವನ್ನು ಮೀರಬಾರದು. ಹಳದಿ ಇದ್ದರೆ ಎಚ್ಚರದಿಂದ ಹೋಗಿ. ಕಿತ್ತಳೆ, ಕೆಂಪು ಇದ್ದರೆ ರಸ್ತೆ ಮುಚ್ಚುವ, ಹಿಮಪಾತಕ್ಕೆ ಸಿಲುಕುವ ಸಾಧ್ಯತೆಯಿದೆ ಎಂದರ್ಥ. ಕೋಣೆ ಬಿಟ್ಟು ಕದಲಬೇಡಿ.

ಎಲ್ಲಕ್ಕಿಂತ ಸುಲಭದ ಪರೀಕ್ಷೆ: ನೀವು ಉಳಿಯಲಿರುವ ಹೋಟೆಲ್‌ಗೆ ಫೋನ್ ಮಾಡಿ, ಆ ದಿನ ಬೆಳಿಗ್ಗೆ ಅಂಗಳದಲ್ಲಿ ತೆಗೆದ ವಿಡಿಯೊ ಕೇಳಿ. ಒಣ ವಾರ ಎಂಬುದು ಖಚಿತವಾದರೆ, ರಜೆ ಸರಿಸಲು ಸಾಧ್ಯವಿರುವವರು ಆಗಲೇ ಟಿಕೆಟ್ ರದ್ದು ಮಾಡಲಿ. ಬೇಗ ರದ್ದಾದಷ್ಟು ಕಡಿತ ಕಡಿಮೆ. ಆದರೆ ತತ್ಕಾಲ್‌ನಲ್ಲಿ ಇಡೀ ಕುಟುಂಬಕ್ಕೆ ಮತ್ತೆ ಸೀಟು ಸಿಗುವುದು ಕಷ್ಟ. ಒಬ್ಬರೋ ಇಬ್ಬರೋ ಹೋಗುವವರಿಗಷ್ಟೇ ಈ ದಾರಿ.

ಮೈಗೆ ಏನು, ಬುತ್ತಿಗೆ ಏನು

ಬೀದಿಯಲ್ಲಿ ಸಿಗುವ ದಪ್ಪನೆ ಜಾಕೆಟ್ ಒಂದನ್ನೇ ನಂಬಬೇಡಿ. ಮೈಗಂಟಿದ ಥರ್ಮಲ್, ಅದರ ಮೇಲೆ ಉಣ್ಣೆ ಸ್ವೆಟರ್, ಎಲ್ಲಕ್ಕೂ ಹೊರಗೆ ನೀರು ಇಳಿಯದ ಕೋಟು. ಹತ್ತಿ ಬಟ್ಟೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಯ ಕಾವನ್ನೆಲ್ಲ ಹೀರುತ್ತದೆ. ಜೀನ್ಸ್ ಊರಲ್ಲೇ ಇರಲಿ. ನಮ್ಮ ಕಂಬಳಿ ರೈಲಿನ ರಾತ್ರಿಗೆ ಬಲು ಹಿತ. ಗಮ್‌ಬೂಟು, ಹೊರಕೋಟು ಗುಲ್ಮಾರ್ಗ್, ಮನಾಲಿ ಬಳಿಯ ಸೋಲಂಗ್‌ಗಳಲ್ಲಿ ಬಾಡಿಗೆಗೆ ಸಿಗುತ್ತವೆ, ಕೊಳ್ಳಬೇಕಿಲ್ಲ. ಉಣ್ಣೆಯ ಕಾಲುಚೀಲ ಮಾತ್ರ ಹೆಚ್ಚುವರಿ ಜೊತೆ ಇರಲಿ. ಕಪ್ಪು ಕನ್ನಡಕ ಸೋಗಿಗಲ್ಲ: ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣಗಳ ಬಹುಪಾಲನ್ನು ಕಣ್ಣಿಗೇ ತಿರುಗಿಸಿ ಹೊಡೆಯುತ್ತದೆ.

ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಎಳ್ಳುಹೋಳಿಗೆ ವಾರಗಟ್ಟಲೆ ಕೆಡುವುದಿಲ್ಲ. ರಸ್ತೆ ಮುಚ್ಚಿ ಎಲ್ಲೋ ಸಿಕ್ಕಿಕೊಂಡರೆ ಇದೇ ಬುತ್ತಿ ಕೈ ಹಿಡಿಯುತ್ತದೆ.

ಇವಿಷ್ಟು ಮಾತ್ರ ತಪ್ಪಿಸಬೇಡಿ

ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟುಕೊಂಡು ಮಲಗಬೇಡಿ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಹೆಪ್ಪುಗಟ್ಟಿದ ಕೆರೆಯ ಮೇಲೆ ಫೋಟೊಕ್ಕಾಗಿ ಕಾಲಿಡಬೇಡಿ. ಹೃದಯ, ಉಸಿರಾಟದ ತೊಂದರೆ ಇರುವವರು ಮೊದಲೇ ವೈದ್ಯರನ್ನು ಕೇಳಿ. ಮೂರು ಸಾವಿರ ಮೀಟರ್ ಮೇಲೆ ತಲೆನೋವು, ವಾಕರಿಕೆ ಬಂದರೆ ಅದು ಎತ್ತರದ ಬಾಧೆ, ಕೂಡಲೇ ಕೆಳಗಿಳಿಯಿರಿ. ಹಿಮ ಬಿದ್ದ ದಿನ ಬೆಟ್ಟದ ಕೆಳಗಿನ ಟಂಗ್‌ಮಾರ್ಗ್‌ನಿಂದ ಗುಲ್ಮಾರ್ಗ್‌ಗೆ ಗಾಲಿಗೆ ಸರಪಳಿ ಕಟ್ಟಿದ ವಾಹನವೇ ಬೇಕು.

ಉತ್ತರಕ್ಕೆ ಹೋಗಲು ಆಗದವರಿಗೆ

ಇಷ್ಟು ದಿನ, ಇಷ್ಟು ದುಡ್ಡು ಹೊಂದದವರು ಊಟಿಯನ್ನು ಯೋಚಿಸಿ. 2,240 ಮೀಟರ್ ಎತ್ತರದ ಆ ಊರಿನ ಕಾಂತಲ್, ತಲೈಕುಂದ ತಗ್ಗುಗಳಲ್ಲಿ ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಹೆಪ್ಪುಗಟ್ಟಿ ಹುಲ್ಲುಗಾವಲು ಬೆಳ್ಳಗಾಗುತ್ತದೆ. ಅದು ಆಕಾಶದಿಂದ ಬಿದ್ದ ಹಿಮವಲ್ಲ. ಬೆರಳಿಗೆ ತಾಗಿದಾಗ ಮಕ್ಕಳಿಗೆ ಆಗುವ ಸಂತೋಷ ಮಾತ್ರ ಕಡಿಮೆಯದಲ್ಲ. ಇಲ್ಲಿ ಬೇಕಾದದ್ದು ಹಿಮಾಲಯಕ್ಕೆ ತದ್ವಿರುದ್ಧ: ಮೋಡವಿಲ್ಲದ ಆಕಾಶ, ಅಲುಗದ ಗಾಳಿ. ಹಿಂದಿನ ರಾತ್ರಿ ಹತ್ತಕ್ಕೆ ಹೊರಬಂದು ನೋಡಿ. ನಕ್ಷತ್ರ ನಿಚ್ಚಳವಾಗಿ ಕಂಡರೆ ಸೂರ್ಯ ಹುಟ್ಟುವ ಮೊದಲೇ ತಗ್ಗಿನ ಬಯಲು ತಲುಪುವಂತೆ ಆಟೊ ಹೇಳಿಡಿ, ಬಿಸಿಲು ತಾಗಿದ ಸ್ವಲ್ಪ ಹೊತ್ತಿಗೇ ಅದು ಕರಗುತ್ತದೆ. ಮೋಡವಿದ್ದರೆ ಆಟೊ ಮರುದಿನಕ್ಕೆ ಹೇಳಿ. ಅದಕ್ಕೇ ಊಟಿಯಲ್ಲೂ ಒಂದು ರಾತ್ರಿ ಸಾಲದು, ಎರಡಾದರೂ ಇಟ್ಟುಕೊಳ್ಳಿ.