ಆಗಮನ ಕಾಲ: ಮಕ್ಕಳೊಡನೆ ಮನೆಯಲ್ಲಿ ಕಾಯುವ ನಾಲ್ಕು ವಾರ



ಬೆಟ್ಟ ಹತ್ತುವಾಗ ಮಕ್ಕಳು ಕೇಳುವ ಪ್ರಶ್ನೆ ಒಂದೇ: "ಇನ್ನೂ ಎಷ್ಟು ದೂರ?" ಡಿಸೆಂಬರ್ ತಿಂಗಳು ಬಂತೆಂದರೆ ಮನೆಯಲ್ಲೂ ಅದೇ ಪ್ರಶ್ನೆ: "ಕ್ರಿಸ್‌ಮಸ್‌ಗೆ ಇನ್ನೂ ಎಷ್ಟು ದಿನ?" ಈ ಪ್ರಶ್ನೆಗೆ ನಾವು ಬರೀ ಲೆಕ್ಕ ಹೇಳಿ ಸುಮ್ಮನಾಗುತ್ತೇವೆ. ಹೊಸ ಬಟ್ಟೆ, ಕೇಕು, ನಕ್ಷತ್ರದ ದೀಪ ಇಷ್ಟರಲ್ಲೇ ಮಕ್ಕಳ ಕ್ರಿಸ್‌ಮಸ್ ಮುಗಿದುಹೋಗುತ್ತದೆ. ಯಾರ ಹುಟ್ಟುಹಬ್ಬ, ಯಾಕಾಗಿ ಕಾಯುತ್ತಿದ್ದೇವೆ ಎಂಬುದು ಮಾತ್ರ ಹಿಂದೆ ಉಳಿಯುತ್ತದೆ. ಕಾಯುವುದನ್ನು ಮಕ್ಕಳಿಗೆ ಕಲಿಸಲೆಂದೇ ಧರ್ಮಸಭೆ ನಮಗೆ ಆಗಮನ ಕಾಲವನ್ನು ಕೊಟ್ಟಿದೆ. ಇದನ್ನು ಮನೆಯಲ್ಲಿ ಆಚರಿಸುವ ಸರಳ ವಿಧಾನವನ್ನು ಈ ಪಾಠದಲ್ಲಿ ನೋಡೋಣ.

ಆಗಮನ ಕಾಲ ಅಂದ್ರೆ ಏನು?

ಆಗಮನ ಅಂದರೆ ಬರುವಿಕೆ. ನವೆಂಬರ್ 30ರ ಸಂತ ಅಂದ್ರೆಯನ ಹಬ್ಬಕ್ಕೆ ಹತ್ತಿರವಾದ ಭಾನುವಾರದಿಂದ ಈ ಕಾಲ ಆರಂಭ. ಆದ್ದರಿಂದ ಅದು ನವೆಂಬರ್ 27ಕ್ಕಿಂತ ಮೊದಲು ಬರುವುದಿಲ್ಲ, ಡಿಸೆಂಬರ್ 3 ದಾಟುವುದೂ ಇಲ್ಲ. ಭಾನುವಾರಗಳು ನಾಲ್ಕೇ ಆದರೂ ದಿನಗಳು 22ರಿಂದ 28ರವರೆಗೆ ಬದಲಾಗುತ್ತವೆ. 2022ರಲ್ಲಿ ಪೂರ್ತಿ 28 ದಿನ ಸಿಕ್ಕಿತ್ತು. 2023ರಲ್ಲಿ ನಾಲ್ಕನೆಯ ಭಾನುವಾರವೇ ಡಿಸೆಂಬರ್ 24 ಆಗಿ, ಕೇವಲ 22 ದಿನ ಸಿಕ್ಕಿತು.

ಈ ದಿನಗಳಲ್ಲಿ ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ಧರಿಸುತ್ತಾರೆ. ಭಾನುವಾರದ ಪೂಜೆಯಲ್ಲಿ ಮಹಿಮಾಗೀತೆ ಹಾಡುವುದಿಲ್ಲ. ಯಾಕೆ? ಆ ಗೀತೆ ಬೆತ್ಲೆಹೇಮಿನ ರಾತ್ರಿ ದೇವದೂತರು ಹಾಡಿದ ಹಾಡಿನಿಂದ ಆರಂಭವಾಗುತ್ತದೆ. ಅದನ್ನು ಆ ರಾತ್ರಿಗಾಗಿಯೇ ತುಟಿಯಲ್ಲಿ ತಡೆದಿಟ್ಟುಕೊಳ್ಳುತ್ತೇವೆ. ಮೂರನೆಯ ಭಾನುವಾರ ಮಾತ್ರ ಗುಲಾಬಿ ಬಣ್ಣ ಕಾಣಿಸುತ್ತದೆ. ಅದು ಆನಂದದ ಭಾನುವಾರ. ಅರ್ಧಕ್ಕಿಂತ ಹೆಚ್ಚು ದಾರಿ ನಡೆದಾಯಿತು, ಧೈರ್ಯವಾಗಿರಿ ಎಂದು ಹೇಳುವ ಬಣ್ಣ.

ಪ್ರಭುವಿನ ಬರುವಿಕೆ ಮೂರು ಬಗೆಯದು ಎಂದು ಹನ್ನೆರಡನೆಯ ಶತಮಾನದ ಸಂತ ಬೆರ್ನಾರ್ದರು ಕಲಿಸಿದರು. ಒಂದು, ಬೆತ್ಲೆಹೇಮಿನಲ್ಲಿ ಶಿಶುವಾಗಿ ಬಂದದ್ದು. ಎರಡು, ಲೋಕಾಂತ್ಯದಲ್ಲಿ ಮಹಿಮೆಯಿಂದ ಬರುವುದು. ಮೂರು, ಇವೆರಡರ ನಡುವೆ ಇಂದು ನಮ್ಮ ಹೃದಯಕ್ಕೆ ಬರುವುದು. ಮಕ್ಕಳಿಗೆ ಹೀಗೆ ಹೇಳಿ: "ಯೇಸುಸ್ವಾಮಿ ಬಂದಿದ್ದರು, ಬರುತ್ತಾರೆ, ಈಗಲೂ ಬರುತ್ತಿದ್ದಾರೆ." ಇಷ್ಟು ಸಾಕು.

ಮನೆಯಲ್ಲಿ ಯಾಕೆ?

ದೇವಾಲಯದಲ್ಲಿ ಎಲ್ಲಾ ನಡೆಯುತ್ತಲ್ಲಾ, ಮನೆಯಲ್ಲಿ ಬೇರೆ ಯಾಕೆ ಅಂತ ಕೆಲವರು ಕೇಳಬಹುದು. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಗೃಹ ಧರ್ಮಸಭೆ ಎಂದು ಕರೆಯಿತು. ವಿಶ್ವಾಸವನ್ನು ಮಕ್ಕಳಿಗೆ ಮೊದಲು ಸಾರುವವರು ತಂದೆತಾಯಿ ಎಂದೂ ಹೇಳಿತು. ಜ್ಞಾನೋಪದೇಶದ ತರಗತಿ ವಾರಕ್ಕೆ ಒಂದು ಗಂಟೆ. ಉಳಿದ ಸಮಯವೆಲ್ಲ ಮಗು ನೋಡುವುದು ಅಪ್ಪ ಅಮ್ಮನನ್ನೇ. ಅವರು ಕೈಮುಗಿದದ್ದನ್ನು ನೋಡದ ಮಗು, ಪ್ರಾರ್ಥನೆ ಅಂದರೆ ಪಾಠ ಒಪ್ಪಿಸುವುದು ಅಂತ ತಿಳಿದುಕೊಳ್ಳುತ್ತದೆ. ಸಂಜೆಯ ಜಪಸರ ನಿಂತುಹೋದ ಮನೆಗಳು ಇಂದು ಎಷ್ಟೋ ಇವೆ. ಅಂಥ ಮನೆಯಲ್ಲಿ ಮತ್ತೆ ಆರಂಭಿಸಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ.

ಆಗಮನದ ಮಾಲೆ

ಈ ಮಾಲೆ ಹುಟ್ಟಿದ್ದೇ ಮಕ್ಕಳಿಗಾಗಿ. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಯೋಹಾನ್ ಹಿನ್ರಿಕ್ ವಿಖರ್ನ್ ಎಂಬ ಲೂಥರನ್ ದೈವಶಾಸ್ತ್ರಜ್ಞರು ಬಡಮಕ್ಕಳಿಗಾಗಿ ಒಂದು ಆಶ್ರಯಮನೆ ನಡೆಸುತ್ತಿದ್ದರು. ಕ್ರಿಸ್‌ಮಸ್ ಬಂತೇ, ಬಂತೇ ಎಂದು ಮಕ್ಕಳು ದಿನವೂ ಪೀಡಿಸುತ್ತಿದ್ದರಂತೆ. 1839ರಲ್ಲಿ ಅವರು ಹಳೆಯ ಗಾಡಿಚಕ್ರವೊಂದರ ಮೇಲೆ ಭಾನುವಾರಗಳಿಗೆ 4 ದೊಡ್ಡ ಬಿಳಿ ಮೇಣದಬತ್ತಿ, ಉಳಿದ ದಿನಗಳಿಗೆ 20 ಸಣ್ಣ ಕೆಂಪು ಮೇಣದಬತ್ತಿ ಇಟ್ಟು, ದಿನಕ್ಕೊಂದರಂತೆ ಹಚ್ಚಿಸಿದರು. ಹೆತ್ತವರ ಆಸರೆ ಇಲ್ಲದ ಮಕ್ಕಳಿಗೆ ದಿನದಿನಕ್ಕೂ ಹೆಚ್ಚುವ ಬೆಳಕು ಎಷ್ಟು ಸಾಂತ್ವನ ಕೊಟ್ಟಿರಬೇಕು! ಮುಂದೆ ಅದು ನಾಲ್ಕು ಬತ್ತಿಗಳ ಮಾಲೆಯಾಗಿ, ಕಥೋಲಿಕ ದೇವಾಲಯಗಳಿಗೂ ಮನೆಗಳಿಗೂ ಬಂತು.

ನಮ್ಮ ಮನೆಗೆ ದುಬಾರಿ ಸಾಮಾನು ಬೇಡ. ಒಂದು ಹಿತ್ತಾಳೆ ಅಥವಾ ಸ್ಟೀಲ್ ತಟ್ಟೆ, ಸುತ್ತಲೂ ಮಾವಿನ ಸೊಪ್ಪು, ನಾಲ್ಕು ಮೇಣದಬತ್ತಿ. ಮೂರು ನೇರಳೆ, ಒಂದು ಗುಲಾಬಿ. ಬಣ್ಣದ್ದು ಸಿಗದಿದ್ದರೆ ಬಿಳಿ ಬತ್ತಿಯ ಬುಡಕ್ಕೆ ಬಣ್ಣದ ಕಾಗದ ಅಂಟಿಸಿ. ಮಾಲೆಯ ದುಂಡು ದೇವರಿಗೆ ಆದಿ ಅಂತ್ಯವಿಲ್ಲ ಎನ್ನುತ್ತದೆ, ಹಸಿರು ಬಾಡದ ಜೀವವನ್ನು ಸೂಚಿಸುತ್ತದೆ. ಸೊಪ್ಪು ಒಣಗಿದರೆ ಬೆಂಕಿ ತಗಲುತ್ತದೆ, ವಾರಕ್ಕೊಮ್ಮೆಯಾದರೂ ಬದಲಿಸಿ. ಬತ್ತಿ ಉರಿಯುವಾಗ ದೊಡ್ಡವರು ಪಕ್ಕದಲ್ಲೇ ಇರಲಿ.

ಪ್ರತಿ ಸಂಜೆಯ ಕ್ರಮ

ಹತ್ತು ನಿಮಿಷ ಸಾಕು. ಉದ್ದವಾದರೆ ಮಕ್ಕಳು ನಿದ್ದೆಹೋಗುತ್ತಾರೆ!

1. ಟಿವಿ, ಮೊಬೈಲ್ ಆರಿಸಿ, ಮನೆಯ ದೀಪವನ್ನೂ ಒಂದು ನಿಮಿಷ ಆರಿಸಿ. ಕತ್ತಲೆ ಏನೆಂದು ಮಕ್ಕಳಿಗೆ ಗೊತ್ತಾಗಲಿ.
2. ಶಿಲುಬೆ ಗುರುತು ಹಾಕಿ, ಆ ವಾರದ ಬತ್ತಿಗಳನ್ನು ಹಚ್ಚಿ. ಮೊದಲ ವಾರ ಕಿರಿಯ ಮಗು, ಎರಡನೆಯ ವಾರ ಹಿರಿಯ ಮಗು, ಮೂರನೆಯ ವಾರ ಅಮ್ಮ, ನಾಲ್ಕನೆಯ ವಾರ ಅಪ್ಪ ಹಚ್ಚಬಹುದು. ಅಜ್ಜ ಅಜ್ಜಿ ಇದ್ದರೆ ಅವರಿಗೂ ಒಂದು ದಿನ ಇರಲಿ.
3. ಶುಭಸಂದೇಶದ ಒಂದು ಭಾಗ ಓದಿ. ಓದಲು ಬರುವ ಮಗುವೇ ಓದಲಿ.
4. ಎಲ್ಲರೂ ಒಂದೊಂದು ಬಿನ್ನಹ ಹೇಳಿ. "ನಾಳೆ ಪರೀಕ್ಷೆ" ಎಂಬುದೂ ಪ್ರಾರ್ಥನೆಯೇ, ನಗಬೇಡಿ.
5. ಕೊನೆಗೆ ಒಟ್ಟಾಗಿ: "ಯೇಸುಸ್ವಾಮಿ, ನಮ್ಮ ಮನೆಗೆ ಬನ್ನಿ. ಇಲ್ಲಿ ಕತ್ತಲಿರುವ ಮೂಲೆ ನಿಮಗೆ ಗೊತ್ತು. ಅಲ್ಲಿಗೆ ನಿಮ್ಮ ಬೆಳಕು ತನ್ನಿ. ಆಮೆನ್."

ನಾಲ್ಕು ವಾರಗಳ ಪಾಠ

ಮೊದಲನೆಯ ವಾರ: ಭರವಸೆ. ಓದಲು ಮಾರ್ಕ 13: 33-37. ಯಜಮಾನ ದೂರ ಹೋಗಿದ್ದಾನೆ, ಬಾಗಿಲು ಕಾಯುವವನು ಎಚ್ಚರವಾಗಿರಬೇಕು. ಮಕ್ಕಳನ್ನು ಕೇಳಿ: ಅಪ್ಪ ರಾತ್ರಿ ತಡವಾಗಿ ಬಂದಾಗ ಬಾಗಿಲು ತೆಗೆಯುವವರು ಯಾರು? ಪ್ರೀತಿ ಇರುವವರೇ ಎಚ್ಚರ ಇರುತ್ತಾರೆ, ಅಲ್ವಾ? ಈ ವಾರದ ಕೆಲಸ: ಬೆಳಿಗ್ಗೆ ಒಂದೇ ಕೂಗಿಗೆ ಏಳುವುದು.

ಎರಡನೆಯ ವಾರ: ಸಮಾಧಾನ. ಓದಲು ಲೂಕ 3: 1-6. ಸ್ನಾನಿಕ ಯೊವಾನ್ನರು ಪ್ರಭುವಿಗೆ ದಾರಿ ಸಿದ್ಧಮಾಡಿರೆಂದು ಸಾರಿದರು. ಹಳ್ಳ ತುಂಬಬೇಕು, ದಿಣ್ಣೆ ತಗ್ಗಬೇಕು, ಡೊಂಕು ನೆಟ್ಟಗಾಗಬೇಕು. ಮನೆಯೊಳಗಿನ ಹಳ್ಳದಿಣ್ಣೆ ಯಾವುದು? ಅಣ್ಣ ತಮ್ಮಂದಿರ ಮಾತು ಬಿಟ್ಟ ಜಗಳ, ಜಮೀನಿನ ವ್ಯಾಜ್ಯ, ಮದುವೆಯಲ್ಲಿ ಕರೆಯಲಿಲ್ಲವೆಂಬ ಕೋಪ. ಮಕ್ಕಳಿಗೆ ಇದೆಲ್ಲಾ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡಿ. ಚಿಕ್ಕಪ್ಪನ ಮನೆಗೆ ಯಾಕೆ ಹೋಗಲ್ಲ ಅಂತ ಅವರು ಕೇಳುವುದನ್ನು ನಿಲ್ಲಿಸಿದ್ದಾರೆ, ಅಷ್ಟೇ. ಈ ವಾರದ ಕೆಲಸ ದೊಡ್ಡವರದ್ದು: ಒಬ್ಬರ ಮನೆಗೆ ಹೋಗಿ ಮಾತಾಡಿಸಿ ಬನ್ನಿ, ಮಕ್ಕಳನ್ನು ಜೊತೆಗೆ ಕರೆದೊಯ್ಯಿರಿ. ಕುಟುಂಬವಾಗಿ ಪಾಪನಿವೇದನೆಗೂ ಹೋಗಿ.

ಮೂರನೆಯ ವಾರ: ಆನಂದ. ಓದಲು ಲೂಕ 1: 39-45. ಮಾತೆ ಮರಿಯಮ್ಮನವರು ದೇವದೂತನ ಮಾತು ಕೇಳಿದ ಮೇಲೆ ಮನೆಯಲ್ಲಿ ಕುಳಿತುಕೊಳ್ಳಲಿಲ್ಲ. ಬೆಟ್ಟಗುಡ್ಡಗಳ ಸೀಮೆಗೆ ಅವಸರದಿಂದ ಹೋದರು, ಅಲ್ಲಿ ವಯಸ್ಸಾದ ಎಲಿಜಬೇತಮ್ಮ ಬಸುರಿಯಾಗಿದ್ದರು. ಆ ತಾಯಿಯ ಹೊಟ್ಟೆಯಲ್ಲಿದ್ದ ಕೂಸು ಆನಂದದಿಂದ ನಲಿದಾಡಿತು. ಬೆಟ್ಟ ಹತ್ತಿ ಬಂದ ನಿಮಗೆ ಈ ಪಾಠ ಚೆನ್ನಾಗಿ ಅರ್ಥವಾಗುತ್ತದೆ. ಯೇಸುವನ್ನು ಹೊತ್ತವರು ಇನ್ನೊಬ್ಬರ ಮನೆಗೆ ಆನಂದ ಹೊತ್ತು ಹೋಗುತ್ತಾರೆ. ಈ ವಾರದ ಕೆಲಸ: ಒಂಟಿಯಾಗಿರುವ ಅಜ್ಜಿಯನ್ನೋ, ಕಾಯಿಲೆಯವರನ್ನೋ ನೋಡಿಬರುವುದು. ಕರ್ಜಿಕಾಯಿ, ಚಕ್ಕುಲಿ, ಕುಸ್ವಾರ್ ಮಾಡುವ ಮನೆಗಳಲ್ಲಿ ಮೊದಲ ಪೊಟ್ಟಣ ಅವರಿಗೇ ಹೋಗಲಿ, ಅದನ್ನು ಮಕ್ಕಳ ಕೈಯಲ್ಲೇ ಕೊಡಿಸಿ.

ನಾಲ್ಕನೆಯ ವಾರ: ಪ್ರೀತಿ. ಓದಲು ಮತ್ತಾಯ 1: 18-24. ಸಂತ ಜೋಸೆಫರು ಆಡಿದ ಒಂದೇ ಒಂದು ಮಾತೂ ಶುಭಸಂದೇಶಗಳಲ್ಲಿ ಇಲ್ಲ. ಅವರು ಎದ್ದರು, ದೇವರು ಹೇಳಿದ್ದನ್ನು ಮಾಡಿದರು. ಅಪ್ಪಂದಿರೇ, ಈ ವಾರ ನಿಮ್ಮದು. ಪ್ರಾರ್ಥನೆಯನ್ನು ನೀವೇ ನಡೆಸಿ. ರಾಗ ಬರದಿದ್ದರೂ ಚಿಂತೆಯಿಲ್ಲ.

ಗೋದಲಿ ಮತ್ತು ಹುಲ್ಲುಕಡ್ಡಿ

ಸಂತ ಫ್ರಾನ್ಸಿಸ್ ಅಸ್ಸಿಸಿಯವರು 1223ರ ಕ್ರಿಸ್‌ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಹುಲ್ಲು ತುಂಬಿದ ಗೋದಲಿ, ಒಂದು ಎತ್ತು, ಒಂದು ಕತ್ತೆ ಇಟ್ಟು, ಬೆತ್ಲೆಹೇಮಿನ ಬಡತನವನ್ನು ಜನರ ಕಣ್ಣಿಗೆ ತೋರಿಸಿದರು. 2019ರ ಡಿಸೆಂಬರ್ 1ರಂದು ಪೋಪ್ ಫ್ರಾನ್ಸಿಸ್ ಅದೇ ಊರಿಗೆ ಹೋಗಿ, ಮನೆಮನೆಯಲ್ಲೂ ಗೋದಲಿ ಕಟ್ಟುವ ಸಂಪ್ರದಾಯ ಉಳಿಯಲಿ ಎಂದು ಪತ್ರ ಬರೆದರು.

ಮನೆಯಲ್ಲಿ ಖಾಲಿ ಗೋದಲಿಯನ್ನು ಮೊದಲ ವಾರವೇ ಇಡಿ. ಪಕ್ಕದಲ್ಲಿ ಒಂದು ಹಿಡಿ ಒಣಹುಲ್ಲು ಇರಲಿ. ಯಾರಿಗೂ ಹೇಳದೆ ಮಾಡಿದ ಒಂದೊಂದು ಒಳ್ಳೆಯ ಕೆಲಸಕ್ಕೂ ಒಂದು ಕಡ್ಡಿ ಗೋದಲಿಗೆ. ಬಾಲಯೇಸುವಿಗೆ ಮೆತ್ತನೆಯ ಹಾಸಿಗೆ ಆಗಬೇಕಲ್ಲಾ! ಎರಡು ಎಚ್ಚರಿಕೆ: ಮಗು ತಪ್ಪು ಮಾಡಿತೆಂದು ಹಾಕಿದ ಕಡ್ಡಿಯನ್ನು ಹಿಂದಕ್ಕೆ ತೆಗೆಯಬೇಡಿ. ಮತ್ತೆ, ಕಡ್ಡಿ ಹಾಕುವುದು ಮಕ್ಕಳಿಗೆ ಮಾತ್ರ ಅಲ್ಲ, ಅಪ್ಪ ಅಮ್ಮನೂ ಹಾಕಬೇಕು.

ಹಂಗೇರಿ, ಕ್ರೊಯೇಷಿಯ ದೇಶಗಳಲ್ಲಿ ಡಿಸೆಂಬರ್ 13ರ ಸಂತ ಲೂಸಿಯಮ್ಮನ ಹಬ್ಬದ ದಿನ ತಟ್ಟೆಯಲ್ಲಿ ಗೋಧಿ ಬಿತ್ತುವ ವಾಡಿಕೆಯಿದೆ. ನಾವು ಅದೇ ದಿನ ನೆನೆಸಿದ ರಾಗಿಯನ್ನು ತಟ್ಟೆಯ ಮಣ್ಣಿಗೆ ಹಾಕಿ ನೀರು ಚಿಮುಕಿಸಿದರೆ, ಹಬ್ಬದ ಹೊತ್ತಿಗೆ ಗೋದಲಿಯ ಸುತ್ತ ಹಸಿರು ಪೈರು ಸಿದ್ಧ. ಮಗು ದಿನಾ ಬಂದು ಇಣುಕಿ ನೋಡುತ್ತದೆ. ಎಳೆದರೆ ಪೈರು ಬೇಗ ಬೆಳೆಯೋದಿಲ್ಲ, ಕಾಯಬೇಕು. ಈ ಪಾಠವನ್ನು ರಾಗಿಯೇ ಕಲಿಸುತ್ತದೆ.

"ಬಾಲಯೇಸುವಿನ ಸ್ವರೂಪ ಈಗಲೇ ಇಡೋಣ" ಅಂತ ಮಕ್ಕಳು ಹಟ ಮಾಡಬಹುದು. ಬೇಡ. 24ರ ರಾತ್ರಿ ಪೂಜೆಯಿಂದ ಬಂದ ಮೇಲೆ ಮನೆಯ ಕಿರಿಯ ಮಗುವಿನ ಕೈಯಿಂದ ಇಡಿಸಿ. ಖಾಲಿ ಗೋದಲಿಯನ್ನು ಅಷ್ಟು ದಿನ ನೋಡಿದ ಕಣ್ಣು ಆ ರಾತ್ರಿಯನ್ನು ಮರೆಯುವುದಿಲ್ಲ.

ಕಷ್ಟದಲ್ಲಿರುವ ಮನೆಗಳಿಗೆ

ಎಲ್ಲಾ ಮನೆಯಲ್ಲೂ ಡಿಸೆಂಬರ್ ಸಂತೋಷವಾಗಿರುವುದಿಲ್ಲ. ಅಪ್ಪ ಗಲ್ಫ್ ದೇಶದಲ್ಲಿ ದುಡಿಯುತ್ತಿರಬಹುದು. ಈ ವರ್ಷ ಮನೆಯಲ್ಲಿ ಸಾವಾಗಿರಬಹುದು. ಹೊಸ ಬಟ್ಟೆಗೆ ದುಡ್ಡಿಲ್ಲದಿರಬಹುದು. ಅಂಥವರು "ನಮಗೆಲ್ಲಿಯ ಹಬ್ಬ" ಅಂತ ಬತ್ತಿ ಹಚ್ಚದೆ ಇರಬೇಡಿ. ಆಗಮನ ಕಾಲ ಇರುವುದೇ ಇನ್ನೂ ಬಾರದ್ದಕ್ಕಾಗಿ ಕಾಯುವವರಿಗೆ. ದೂರದಲ್ಲಿರುವ ಅಪ್ಪ ಫೋನಿನಲ್ಲೇ ಪ್ರಾರ್ಥನೆಗೆ ಸೇರಲಿ. ತೀರಿಕೊಂಡವರ ಹೆಸರನ್ನು ಮಗು ಬಿನ್ನಹದಲ್ಲಿ ಹೇಳಲಿ, ಅತ್ತರೆ ಅಳಲಿ. ದುಡ್ಡಿಲ್ಲದಿದ್ದರೆ ಮಗುವಿಗೆ ಸುಳ್ಳು ಹೇಳಬೇಡಿ. ದೇವರ ಮಗನಿಗೂ ಛತ್ರದಲ್ಲಿ ಜಾಗ ಸಿಗಲಿಲ್ಲ, ಹಳೆ ಬಟ್ಟೆಯ ನಮ್ಮ ಮನೆಗೆ ಅವರು ಬಂದೇ ಬರುತ್ತಾರೆ ಎಂದು ಹೇಳಿ. ಒಂದು ದಿನ ಪ್ರಾರ್ಥನೆ ತಪ್ಪಿದರೆ ಬೇಸರ ಬೇಡ, ಮರುದಿನ ಮುಂದುವರಿಸಿ.

ಮನೆಗೆ ಹೋಗಿ ಮಕ್ಕಳೊಡನೆ ಮಾತಾಡಲು

ಯೇಸು ನಮ್ಮ ಮನೆಗೆ ಬಂದರೆ ಮೊದಲು ಯಾವ ಕೋಣೆ ತೋರಿಸುತ್ತೀಯ? ಯಾವುದನ್ನು ಮುಚ್ಚಿಡುತ್ತೀಯ? ಈ ವರ್ಷ ನಾವು ಯಾರ ಮನೆ ಬಾಗಿಲು ತಟ್ಟಬೇಕು?

ಮಕ್ಕಳು ಹೇಳುವ ಉತ್ತರವನ್ನು ತಿದ್ದಬೇಡಿ, ಕೇಳಿಸಿಕೊಳ್ಳಿ. ಮಾತೆ ಮರಿಯಮ್ಮನವರ ಬೇಡಿಕೆಯಿಂದ ಪ್ರಭು ನಿಮ್ಮ ಮನೆಯನ್ನೂ ಮಕ್ಕಳನ್ನೂ ಹರಸಲಿ.