ಬಾಡಿಗೆ ಮಳಿಗೆಗಳ ಸಬ್-ಮೀಟರ್ ಲೆಕ್ಕ: ಮಾಲೀಕರು ತಿಳಿದಿರಬೇಕಾದ ನಿಯಮಗಳು

ವಾಣಿಜ್ಯ ಸಂಕೀರ್ಣಗಳಲ್ಲಿಯೂ ಕೈಗಾರಿಕಾ ಶೆಡ್‌ಗಳಲ್ಲಿಯೂ ಒಂದೇ ವಿದ್ಯುತ್ ಸ್ಥಾವರದಿಂದ ಹಲವು ಬಾಡಿಗೆದಾರರು ವಿದ್ಯುತ್ ಬಳಸುವುದು ಸಾಮಾನ್ಯ. ಎಸ್ಕಾಂನ ಮುಖ್ಯ ಮೀಟರ್ ಮತ್ತು ಆರ್.ಆರ್. ಸಂಖ್ಯೆ ಮಾಲೀಕರ ಹೆಸರಿನಲ್ಲಿರುತ್ತವೆ. ಮಾಲೀಕರು ಪ್ರತಿ ಮಳಿಗೆಗೂ ಸಬ್-ಮೀಟರ್ ಅಳವಡಿಸಿ, ತಿಂಗಳಿಗೊಮ್ಮೆ ಹಣ ವಸೂಲು ಮಾಡುತ್ತಾರೆ. ಮುಖ್ಯ ಬಿಲ್ಲಿನ ದರಕ್ಕೆ ಯೂನಿಟ್ಟಿಗೆ ಒಂದೆರಡು ರೂಪಾಯಿ ಸೇರಿಸಿ ಪಡೆಯುವ ರೂಢಿಯೂ ಹಲವೆಡೆ ಇದೆ. ಈ ಅಲ್ಪ ಸೇರ್ಪಡೆಯು ಮಾಲೀಕರಿಗೆ ಲಾಭಕ್ಕಿಂತ ಹೆಚ್ಚಿನ ಹೊಣೆಯನ್ನು ತರಬಲ್ಲದು.

ವಿದ್ಯುತ್ ಕಾಯ್ದೆಯ ನಿಲುವು

2003ರ ವಿದ್ಯುತ್ ಕಾಯ್ದೆಯ 12ನೇ ಕಲಮಿನಂತೆ ಪರವಾನಗಿ ಅಥವಾ ವಿನಾಯಿತಿ ಇಲ್ಲದೆ ಯಾರೂ ವಿದ್ಯುತ್ ವಿತರಣೆಯನ್ನಾಗಲಿ ವ್ಯಾಪಾರವನ್ನಾಗಲಿ ಮಾಡುವಂತಿಲ್ಲ. ಮರುಮಾರಾಟಕ್ಕಾಗಿ ವಿದ್ಯುತ್ ಖರೀದಿಸುವುದೇ ಈ ಕಾಯ್ದೆಯ ಅರ್ಥದಲ್ಲಿ ವ್ಯಾಪಾರ. ಕಟ್ಟಡದ ಮಾಲೀಕರು ಎಸ್ಕಾಂನ ಗ್ರಾಹಕರೇ ಹೊರತು ಮಾರಾಟಗಾರರಲ್ಲ. ಆದ್ದರಿಂದ ಸಬ್-ಮೀಟರ್ ಬಿಲ್ಲನ್ನು ಹಂಚಿಕೊಳ್ಳುವ ಸಾಧನವಾಗಿರಬೇಕು, ಆದಾಯದ ಮೂಲವಾಗಬಾರದು.

126ನೇ ಕಲಮನ್ನು ವಿಶೇಷವಾಗಿ ಗಮನಿಸಬೇಕು. ಮಂಜೂರಾದ ಉದ್ದೇಶವನ್ನು ಬಿಟ್ಟು ಬೇರೆ ಉದ್ದೇಶಕ್ಕೆ, ಅಥವಾ ಮಂಜೂರಾದ ಆವರಣವನ್ನು ಬಿಟ್ಟು ಬೇರೆ ಆವರಣಕ್ಕೆ ವಿದ್ಯುತ್ ಬಳಸಿದರೆ ಅದು ಅನಧಿಕೃತ ಬಳಕೆ. ಗೃಹಬಳಕೆಯ ಸಂಪರ್ಕವಿರುವ ಮಹಡಿಯನ್ನು ಕಚೇರಿಗೆ ಬಾಡಿಗೆ ಕೊಡುವುದು, ಸಬ್-ಮೀಟರ್ ಹಾಕಿ ಪಕ್ಕದ ನಿವೇಶನದ ಶೆಡ್‌ಗೆ ತಂತಿ ಎಳೆಯುವುದು ಇದಕ್ಕೆ ಉದಾಹರಣೆಗಳು. ಇಂತಹ ಬಳಕೆಗೆ ಅನ್ವಯವಾಗುವ ದರದ ಎರಡರಷ್ಟನ್ನು ವಿಧಿಸಲಾಗುತ್ತದೆ. ಅನಧಿಕೃತ ಬಳಕೆಯ ಅವಧಿಯನ್ನು ನಿರ್ಣಯಿಸಲಾಗದಿದ್ದರೆ, ತಪಾಸಣೆಗೆ ಹಿಂದಿನ 12 ತಿಂಗಳುಗಳಿಗೆ ಲೆಕ್ಕ ಹಾಕಲಾಗುತ್ತದೆ. ಅಂತಿಮ ಆದೇಶದ ವಿರುದ್ಧ 127ನೇ ಕಲಮಿನಡಿ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದಾದರೂ, ಮೊದಲು ನಿರ್ಧರಿತ ಮೊತ್ತದ ಅರ್ಧವನ್ನು ಠೇವಣಿ ಇಡಬೇಕು.

ಸರಕು ಮತ್ತು ಸೇವಾ ತೆರಿಗೆ

ವಿದ್ಯುತ್ತಿಗೆ ಜಿ.ಎಸ್.ಟಿ. ಇಲ್ಲವೆಂಬುದು ಸರಿ. ಆದರೆ ಬಾಡಿಗೆಯೊಂದಿಗೆ ಒದಗಿಸಿದ ವಿದ್ಯುತ್ತಿನ ಸ್ಥಿತಿ ಬೇರೆ. ಕೇಂದ್ರ ಪರೋಕ್ಷ ತೆರಿಗೆಗಳು ಮತ್ತು ಸೀಮಾ ಸುಂಕ ಮಂಡಳಿಯು 31-10-2023ರ ಸುತ್ತೋಲೆ ಸಂಖ್ಯೆ 206/18/2023ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಬಾಡಿಗೆ ಅಥವಾ ನಿರ್ವಹಣಾ ಸೇವೆಯೊಂದಿಗೆ ಕೂಡಿಸಿ ಒದಗಿಸಿದ ವಿದ್ಯುತ್ತು ಸಂಯುಕ್ತ ಪೂರೈಕೆಯ ಭಾಗವಾಗುತ್ತದೆ. ಅದಕ್ಕೆ ಪ್ರತ್ಯೇಕ ಬಿಲ್ ಕೊಟ್ಟಿದ್ದರೂ ಮುಖ್ಯ ಸೇವೆಯ ದರದಲ್ಲಿ ತೆರಿಗೆ ಬೀಳುತ್ತದೆ. ವಾಣಿಜ್ಯ ಬಾಡಿಗೆಗೆ ಈ ದರ ಶೇ. 18.

ಅದೇ ಸುತ್ತೋಲೆಯು ಒಂದು ದಾರಿಯನ್ನೂ ತೋರಿಸಿದೆ. ಮಾಲೀಕರು ವಿತರಣಾ ಕಂಪನಿ ವಿಧಿಸಿದಷ್ಟನ್ನೇ ಬಾಡಿಗೆದಾರರಿಂದ ಪಡೆದರೆ, ಅವರನ್ನು ಪ್ಯೂರ್ ಏಜೆಂಟ್ ಎಂದು ಪರಿಗಣಿಸಲಾಗುತ್ತದೆ; ಆ ಮೊತ್ತವು ತೆರಿಗೆಯ ಮೌಲ್ಯಕ್ಕೆ ಸೇರುವುದಿಲ್ಲ.

ಒಂದು ಉದಾಹರಣೆ

ಜಿ.ಎಸ್.ಟಿ. ನೋಂದಣಿ ಪಡೆದ ಮಾಲೀಕರ ಕಟ್ಟಡದಲ್ಲಿ ಮೂರು ಮಳಿಗೆಗಳಿವೆ ಎಂದಿಟ್ಟುಕೊಳ್ಳೋಣ. ನಿಗದಿತ ಶುಲ್ಕ, ಬಳಕೆ ಶುಲ್ಕ, ವಿದ್ಯುತ್ ತೆರಿಗೆ ಎಲ್ಲವೂ ಸೇರಿ ತಿಂಗಳ ಬಿಲ್ ರೂ. 60,000, ಮುಖ್ಯ ಮೀಟರಿನ ಬಳಕೆ 6,000 ಯೂನಿಟ್. ಸರಾಸರಿ ದರ ಯೂನಿಟ್ಟಿಗೆ ರೂ. 10. ಸಬ್-ಮೀಟರ್‌ಗಳ ಬಳಕೆ ಕ್ರಮವಾಗಿ 2,500, 1,800 ಮತ್ತು 1,200, ಒಟ್ಟು 5,500 ಯೂನಿಟ್. ಉಳಿದ 500 ಯೂನಿಟ್ ಮೆಟ್ಟಿಲು ದೀಪ, ನೀರಿನ ಪಂಪು ಮೊದಲಾದವುಗಳಿಗೆ ಸೇರಿದ್ದು.

ರೂ. 10ರಂತೆ ವಸೂಲು ಮಾಡಿದರೆ ರೂ. 55,000 ಬರುತ್ತದೆ, ಅದರ ಮೇಲೆ ಜಿ.ಎಸ್.ಟಿ. ಇಲ್ಲ. ರೂ. 12ರಂತೆ ಮಾಡಿದರೆ ರೂ. 66,000 ಬರುತ್ತದೆ, ಹೆಚ್ಚುವರಿ ರೂ. 11,000. ಆದರೆ ಆಗ ತೆರಿಗೆ ಬೀಳುವುದು ಹೆಚ್ಚುವರಿಯ ಮೇಲೆ ಮಾತ್ರವಲ್ಲ, ಪೂರ್ಣ ರೂ. 66,000ದ ಮೇಲೆ. ಶೇ. 18ರಂತೆ ಅದು ರೂ. 11,880. ಬಾಡಿಗೆದಾರರಿಂದ ಈ ತೆರಿಗೆಯನ್ನು ಪಡೆದಿರದಿದ್ದರೆ ಗಳಿಸಿದ್ದಕ್ಕಿಂತ ತೆರಬೇಕಾದದ್ದೇ ಹೆಚ್ಚು. ವಸೂಲಿಯಲ್ಲಿಯೇ ತೆರಿಗೆ ಅಡಗಿದೆಯೆಂದು ಲೆಕ್ಕ ಹಾಕಿದರೂ ಸುಮಾರು ರೂ. 10,068 ಕೈಬಿಡುತ್ತದೆ. ವರ್ಷಗಳ ನಂತರ ಬೇಡಿಕೆ ಬಂದರೆ ಬಡ್ಡಿ ಬೇರೆ.

ಬಾಡಿಗೆದಾರರಿಂದ ತೆರಿಗೆಯನ್ನು ವಸೂಲು ಮಾಡಿದರೆ, ರೂ. 12,000 ಕೊಡಬೇಕಿದ್ದ ಮೂರನೆಯ ಮಳಿಗೆಯವರು ರೂ. 16,992 ಕೊಡಬೇಕಾಗುತ್ತದೆ. ಅವರು ಕಾಂಪೋಸಿಷನ್ ಪದ್ಧತಿಯ ಸಣ್ಣ ವರ್ತಕರಾಗಿದ್ದರೆ ಆ ತೆರಿಗೆಯನ್ನು ಜಮೆ ಪಡೆಯಲೂ ಬರುವುದಿಲ್ಲ.

ಅನುಸರಿಸಬೇಕಾದ ಕ್ರಮಗಳು

1. ಸಾಧ್ಯವಿದ್ದಲ್ಲಿ ಪ್ರತಿ ಮಳಿಗೆಗೂ ಎಸ್ಕಾಂನಿಂದ ಪ್ರತ್ಯೇಕ ಸಂಪರ್ಕ ಪಡೆಯುವುದೇ ಉತ್ತಮ. ಕಾಯ್ದೆಯ 43ನೇ ಕಲಮಿನಡಿ ಮಾಲೀಕರಂತೆ ಅನುಭೋಗದಾರರೂ ಅರ್ಜಿ ಸಲ್ಲಿಸಬಹುದು.

2. ವಿದ್ಯುತ್ ಹಣವನ್ನು ಮುಖ್ಯ ಬಿಲ್ಲಿನ ನೈಜ ದರದಲ್ಲಿ ಮಾತ್ರ ಪಡೆಯುವುದಾಗಿ ಬಾಡಿಗೆ ಕರಾರಿನಲ್ಲಿ ಬರೆಯಬೇಕು.

3. ಮುಖ್ಯ ಮೀಟರ್ ಮತ್ತು ಸಬ್-ಮೀಟರ್‌ಗಳನ್ನು ಒಂದೇ ದಿನ ಓದಿ, ರೀಡಿಂಗ್ ವಹಿಯಲ್ಲಿ ಬಾಡಿಗೆದಾರರ ಸಹಿ ಪಡೆಯಬೇಕು.

4. ಇನ್‌ವಾಯ್ಸ್‌ನಲ್ಲಿ ವಿದ್ಯುತ್ ಮೊತ್ತವನ್ನು ಬಾಡಿಗೆಯಿಂದ ಬೇರೆಯಾಗಿ ತೋರಿಸಿ, ಎಸ್ಕಾಂ ಬಿಲ್ಲಿನ ಪ್ರತಿಯನ್ನು ಲಗತ್ತಿಸಬೇಕು.

5. ಸಾಮಾನ್ಯ ಸೌಲಭ್ಯಗಳ ವಿದ್ಯುತ್ ವೆಚ್ಚವನ್ನು ನಿರ್ವಹಣಾ ಶುಲ್ಕದಲ್ಲಿ ಸೇರಿಸಿ ತೆರಿಗೆ ವಿಧಿಸುವುದು ಸುರಕ್ಷಿತ. ಜನರೇಟರ್ ವಿದ್ಯುತ್ತು ಎಸ್ಕಾಂ ಬಿಲ್ಲಿನ ಭಾಗವಲ್ಲ. ಅದಕ್ಕೆ ಪ್ರತ್ಯೇಕ ಮೀಟರ್ ಮತ್ತು ಪ್ರತ್ಯೇಕ ಲೆಕ್ಕವಿರಲಿ.

6. ಲೆಕ್ಕಪುಸ್ತಕದಲ್ಲಿ ವಿದ್ಯುತ್ ವಸೂಲಿಗೆ ಪ್ರತ್ಯೇಕ ಖಾತೆ ತೆರೆದು, ಪ್ರತಿ ತಿಂಗಳೂ ಎಸ್ಕಾಂ ಬಿಲ್ಲಿನೊಂದಿಗೆ ತಾಳೆ ನೋಡಬೇಕು.

ಮೀಟರ್ ಅಳವಡಿಕೆ ಮತ್ತು ತಂತಿಜಾಲಕ್ಕೆ ಮಾಲೀಕರು ಹಣ ಹೂಡಿರುವುದು ನಿಜ. ಅದನ್ನು ಬಾಡಿಗೆಯಲ್ಲಿಯೋ ನಿರ್ವಹಣಾ ಶುಲ್ಕದಲ್ಲಿಯೋ ಬಹಿರಂಗವಾಗಿ ಪಡೆಯಲು ಅಡ್ಡಿಯಿಲ್ಲ. ಆಗ ತೆರಿಗೆ ಬೀಳುವುದು ಆ ಮೊತ್ತಕ್ಕೆ ಮಾತ್ರ. ಯೂನಿಟ್ ದರದೊಳಗೆ ಅದನ್ನು ಸೇರಿಸಿದರೆ ಇಡೀ ವಿದ್ಯುತ್ ಬಿಲ್ಲೇ ತೆರಿಗೆಗೆ ಒಳಪಡುತ್ತದೆ. ಮಾಲೀಕರು ಮುಂದಿನ ತಿಂಗಳ ಬಿಲ್ ಬರೆಯುವ ಮುನ್ನ ತಮ್ಮ ಕರಾರು ಮತ್ತು ದರಗಳನ್ನು ಪರಿಶೀಲಿಸಿಕೊಳ್ಳುವುದು ಒಳಿತು.