ಹೊಳೆಯೂರಿಗೆ ನಾಯಿ ಜೊತೆ ಹೊರಟಿರಾ?

ರಜೆಗೆ ಕೃಷ್ಣಾ ದಂಡೆಯ ಕುಡಚಿಯಲ್ಲಿ ನೆಂಟರ ತೋಟದ ಮನೆಗೆ ಹೊರಟಿದ್ದೀರಾ? ನಾಯಿಯನ್ನೂ ಖಂಡಿತ ಕರೆದುಕೊಂಡು ಹೋಗಿ. ಆದರೆ ಅದು ಎಲ್ಲಿ ಮಲಗಬೇಕು, ಏನು ತಿನ್ನುತ್ತದೆ ಎಂದು ಮನೆಯವರೊಂದಿಗೆ ಮೊದಲೇ ಮಾತಾಡಿಕೊಳ್ಳಿ.

ರೇಬೀಸ್ ಜೊತೆಗೆ ಲೆಪ್ಟೊಸ್ಪೈರೋಸಿಸ್ ಲಸಿಕೆಯೂ ಆಗಿರಲಿ. ಇಲಿಗಳ ಮೂತ್ರ ಬೆರೆತ ನೀರು, ಕೆಸರಿನಿಂದ ಹರಡುವ ಈ ರೋಗ ಮನುಷ್ಯರಿಗೂ ಅಂಟುತ್ತದೆ. ಕಬ್ಬಿನ ಗದ್ದೆಯಲ್ಲಿ ಇಲಿಗಳಿಗೇನು ಬರವಿಲ್ಲ. ಸಂಜೆ ತೋಟ ಸುತ್ತಿ ಬಂದೊಡನೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಹುಡುಕಿ. ಕಬ್ಬಿನ ರವದಿ ಮೂಗು ಗೀರಿದೆಯೇ ನೋಡಿ.

ಹೊಳೆಗೆ ಮಾತ್ರ ಇಳಿಸಲೇಬೇಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ದಡದಲ್ಲಿ ಬಾಗಿ ನೀರು ನೆಕ್ಕುವ ನಾಯಿ ಅವಕ್ಕೆ ಸುಲಭದ ತುತ್ತು. ಬಟ್ಟಲಲ್ಲೇ ನೀರು ಕೊಡಿ. ಜುಲೈ, ಆಗಸ್ಟ್‌ನಲ್ಲಿ ಮಹಾರಾಷ್ಟ್ರದಲ್ಲಿ ಮಳೆ ಜೋರಾದರೆ ಇಲ್ಲಿ ಹೊಳೆ ಏರುತ್ತದೆ. 2019ರ ನೆರೆಯನ್ನು ಈ ಕಡೆಯವರು ಮರೆತಿಲ್ಲ. ಅಂಥ ದಿನಗಳಲ್ಲಿ ಪ್ರಯಾಣವೇ ಬೇಡ.

ನಿಮ್ಮದು ಮುಧೋಳ ತಳಿಯೇ? ಹಗ್ಗ ಬಿಗಿಯಾಗಿ ಹಿಡಿಯಿರಿ. ಅದು ಕಣ್ಣಿನಿಂದ ಬೇಟೆಯಾಡುವ ತಳಿ. ಮೊಲ ಕಂಡರೆ ಕೂಗಿದರೂ ನಿಲ್ಲದು.

ಹೊರಡುವ ದಿನ ಅಂಗಳ ಗುಡಿಸಿ ಕೊಡಿ. ಮುಂದಿನ ಸಲ ನಾಯಿಯನ್ನೂ ಕರೆತನ್ನಿ ಎಂದು ಅವರೇ ಹೇಳುವಂತಾಗಲಿ.